ದಾಗೀನಿಗೆ ಹಚ್ಚಿದ ಅಸ್ತರ

ಕುಸುರೆಳ್ಳಿಗೆ ಮುಳ್ಳು ಏಳಬೇಕೆಂದರೆ ಚಳಿ ಬೇಕು, ಬೂದಿ ಮುಚ್ಚಿದ ಕೆಂಡ ಬೇಕು, ಸುಟ್ಟರೂ ಹಿಂದೆ ಸರಿಯದ ಬೆರಳು ಬೇಕು. ಮೊದಲಿನವೆರಡು ಪುಷ್ಯಮಾಸದಲ್ಲಿ ಕಿತ್ತೂರಿನ ಯಾರಿಗಾದರೂ ಸಿಗುತ್ತವೆ. ಮೂರನೆಯದು ರಾಧಾಬಾಯಿಗೆ ಇತ್ತು.

ನಸುಕಿಗೇ ಎದ್ದು ಶೇಗಡಿ ಹೊತ್ತಿಸಿ, ಕೆಂಡದ ಮೇಲೆ ಬೂದಿ ಹೊದಿಸಿ, ಹಿತ್ತಾಳೆ ಪರಾತದಲ್ಲಿ ಬಿಳಿ ಎಳ್ಳು ಹರವಿಕೊಂಡು ಕೂತರೆ ಅವಳಿಗೆ ಜಗತ್ತು ಬೇಕಾಗುತ್ತಿರಲಿಲ್ಲ. ಜಗತ್ತಿಗೆ ಅವಳು ಬೇಡವಾಗಿಯಂತೂ ಬಹಳ ವರ್ಷಗಳಾಗಿದ್ದವು. ಹಾಲು ಹಾಕಿ ಹೊಲಸು ತೆಗೆದ ಸಕ್ಕರೆಯ ಪಾಕವನ್ನು ಚಮಚದಿಂದ ತುಸುವೇ ಬಿಡಬೇಕು, ಬೆರಳ ತುದಿಯಿಂದ ಎಳ್ಳನ್ನು ಆಡಿಸುತ್ತಲೇ ಇರಬೇಕು. ಕೈ ನಿಂತರೆ ಗಂಟು, ಅವಸರ ಮಾಡಿದರೆ ಬೋಳು. ಕಾದು ಕೂತವಳಿಗೆ ಮಾತ್ರ ಕಾಳಿನ ಮೈತುಂಬ ಮುಳ್ಳು.

ಓಣಿಯ ಹೆಂಗಸರು ವರ್ಷಾವರ್ಷ ಸಂಕ್ರಮಣಕ್ಕೆ ಮುಂಚೆ ಎಳ್ಳು-ಸಕ್ಕರೆ ತಂದು ಅವಳ ಕಟ್ಟೆಯ ಮೇಲಿಟ್ಟು ಹೋಗುವರು. “ಬಾಯಾರ, ನಿಮ್ಮ ಕೈಯಾಗ ಮುಳ್ಳ ಏಳತಾವ್ರಿ. ನಮ್ಮ ಕೈಯಾಗ ಬರೇ ಉಂಡಿ ಆಗತಾವ” ಎಂದು ಹೊಗಳಿ ಡಬ್ಬಿ ತುಂಬಿಸಿಕೊಂಡು ಹೋಗುವರು. ಅದೇ ಕುಸುರೆಳ್ಳನ್ನು ಬಟ್ಟಲಲ್ಲಿಟ್ಟು, ಒಬ್ಬರಿಗೊಬ್ಬರು ಅರಿಷಿಣ-ಕುಂಕುಮ ಹಚ್ಚಿ ಹಂಚುವ ಸಂಜೆ ರಾಧಾಬಾಯಿಗೆ ಕರೆ ಇರುತ್ತಿರಲಿಲ್ಲ. ಗಂಡ ಸತ್ತವಳು ಮಾಡಿದ ಸಕ್ಕರೆ ಸಿಹಿ, ಅವಳ ಕೈ ಮಾತ್ರ ಕಹಿ! ಈ ನ್ಯಾಯವನ್ನು ಯಾವ ಶಾಸ್ತ್ರದಲ್ಲಿ ಬರೆದಿದ್ದಾರೋ, ಬರೆದವನಿಗೆ ಎಳ್ಳು ಕಾಳಿನಷ್ಟಾದರೂ ನಾಚಿಕೆ ಇತ್ತೋ ಇಲ್ಲವೋ.

ಈ ವರ್ಷ ಅವಳು ಓಣಿಯವರ ಕೆಲಸವನ್ನು ಬೇಗ ಮುಗಿಸಿ ತನ್ನ ಕೆಲಸಕ್ಕೆ ಕೂತಿದ್ದಳು. ಬೈಲಹೊಂಗಲದಲ್ಲಿರುವ ಅಣ್ಣ ಕೃಷ್ಣಾಜಿಯ ಮೊಮ್ಮಗಳಿಗೆ, ಅಂದರೆ ಅಭಿಜಿತನ ಮಗಳು ಗಾರ್ಗಿಗೆ, ಇದು ಮೊದಲ ಸಂಕ್ರಮಣ. ಅವರ ಮನೆತನಗಳಲ್ಲಿ ಕೂಸಿನ ಮೊದಲ ಸಂಕ್ರಮಣಕ್ಕೆ ಕರಿ ಎರೆಯುತ್ತಾರೆ. ಕೂಸಿಗೆ ಕಪ್ಪು ಅಂಗಿ ತೊಡಿಸಿ, ಮೈತುಂಬ ಕುಸುರೆಳ್ಳು ಕೋದು ಮಾಡಿದ ಒಡವೆ, ದಾಗೀನು ಹಾಕಿ, ಮಣೆಯ ಮೇಲೆ ಕೂಡಿಸಿ, ತಲೆಯ ಮೇಲಿಂದ ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿ ಸುರಿಯುತ್ತಾರೆ. ನೆರೆದ ಮಕ್ಕಳು ಬಿದ್ದದ್ದನ್ನು ಆರಿಸಿಕೊಂಡು, ಆಮೇಲೆ ದಾಗೀನನ್ನೂ ಮುರಿದುಕೊಂಡು ತಿನ್ನುತ್ತಾರೆ. ಒಂದು ತಾಸಿನ ಶೃಂಗಾರ. ಅದಕ್ಕಾಗಿ ಎಷ್ಟೋ ನಸುಕಿನ ದುಡಿಮೆ.

“ಏನ ಬಾಯಾರ, ಈ ಸಲ ಸರ, ಕಡಗ ಸುರು ಮಾಡೀರಿ?”

ಹೊಸ್ತಿಲಲ್ಲಿ ಬಂದು ಕೂತವಳು ಪಕ್ಕದ ಮನೆಯ ಸೈದಾಬಿ, ಟೆಂಪೋ ಓಡಿಸುವ ಯಾಕೂಬಸಾಬನ ಹೆಂಡತಿ. ಆ ವರ್ಷ ಸಂಕ್ರಮಣ ರಮಜಾನ ತಿಂಗಳಲ್ಲೇ ಬಂದಿತ್ತು. ರೋಜಾ ಹಿಡಿಯುವ ಮುಂಚಿನ ಸಹರಿಯ ಊಟಕ್ಕೆ ಒಲೆ ಹೊತ್ತಿಸುವ ಸೈದಾಬಿ, ಎಳ್ಳಿಗೆ ಶೇಗಡಿ ಹೊತ್ತಿಸುವ ರಾಧಾಬಾಯಿ, ಆ ಹೊತ್ತಿನಲ್ಲಿ ಇಡೀ ಓಣಿಯಲ್ಲಿ ಈ ಎರಡು ಮನೆಗಳಲ್ಲೇ ಬೆಳಕು. ಮನೆಯವರಿಗೆಲ್ಲ ಉಣಿಸಿ, ನಮಾಜು ಮುಗಿಸಿ, ಸೈದಾಬಿ ಶೇಗಡಿಯ ಕಾವಿಗೆ ಬಂದು ಕೂಡುವುದು ರೂಢಿಯಾಗಿತ್ತು.

“ಅಭಿಜಿತನ ಮಗಳಿಗೆ, ಸೈದಾಬಿ. ಇದು ಕೊಳ್ಳಾಗಿನ ಸರ, ಇದು ನಡುವಿಗೆ ಡಾಬು, ಇವು ಕಾಲಗೆಜ್ಜಿ.”

“ಮೊಮ್ಮಗಳಿಗಿ ಬಂಗಾರ ಹಾಕಬೇಕ್ರಿ. ನೀವ ಎಳ್ಳು ಸಕ್ರಿಯೊಳಗ ಅಗ್ಗಕ್ಕ ಹಾರಸಾಕ ನಿಂತೀರಿ!”

“ಬಂಗಾರ ರೊಕ್ಕ ಇದ್ದವರು ಯಾರರೆ ಹಾಕ್ತಾರ. ಇದನ್ನ ನಾ ಬಿಟ್ಟರ ಯಾರ ಹಾಕ್ತಾರ ಹೇಳು?”

“ಅದೂ ಖರೇನ. ಬಂಗಾರದ ಹಿಂದ ಕಳ್ಳರು, ಇದರ ಹಿಂದ ಇರಿವಿ.” ಸೈದಾಬಿ ನಕ್ಕಳು. ಅಲ್ಲೇ ಮಡಚಿಟ್ಟ ಸರವನ್ನು ಎತ್ತಿಕೊಂಡು ಮೊಣಕೈಯ ಮೆತ್ತನೆ ಭಾಗಕ್ಕೆ ತಿಕ್ಕಿ ನೋಡಿ ಹುಬ್ಬು ಗಂಟಿಕ್ಕಿದಳು. “ಯಾ ಅಲ್ಲಾ, ಚುಚ್ಚತೈತಲ್ರಿ ಇದು! ಕೂಸಿನ ತೊಗಲು ಹೂವಿನಂಥಾದು.”

“ಅದಕ್ಕ ಅಸ್ತರ ಹಚ್ಚತೇನಿ.”

ರಾಧಾಬಾಯಿ ಎದ್ದು ಟ್ರಂಕಿನಿಂದ ಒಂದು ಸೀರೆ ತೆಗೆದಳು. ಸಣ್ಣ ನೀಲಿ ಅಂಚಿನ ಬಿಳಿ ಸೀರೆ. ಒಗೆದು ಒಗೆದು ಬೆಣ್ಣೆಯಂತೆ ಮೆತ್ತಗಾಗಿತ್ತು. ರಾಮದುರ್ಗದ ಗಂಡನ ಮನೆಯಲ್ಲಿ ಮದುವೆಯಾದ ವರ್ಷದ ಸಂಕ್ರಮಣಕ್ಕೆ ಅತ್ತೆ ಕರಿ ಸೀರೆ ಉಡಿಸಿ, ತಾನೇ ಮಾಡಿದ ಕುಸುರೆಳ್ಳಿನ ದಾಗೀನು ಹಾಕಿ ಕೂಡಿಸಿದ್ದಳು. ಮಾಡುವುದನ್ನು ಕಲಿಸಿದವಳೂ ಅವಳೇ. ಮುಂದಿನ ಸಂಕ್ರಮಣಕ್ಕೆ ಗಂಡ ಇರಲಿಲ್ಲ. ಅದೇ ಅತ್ತೆ ಈ ಬಿಳಿ ಸೀರೆ ಕೊಟ್ಟು ತೌರಿಗೆ ಕಳಿಸಿದ್ದಳು. ರಾಧಾಬಾಯಿ ಬಿಳಿ ಉಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಬಾಲವಾಡಿಯ ಕೆಲಸ ಸಿಕ್ಕು ಕಿತ್ತೂರಿಗೆ ಬಂದ ದಿನವೇ ಹೂವಿನ ಚಿತ್ರದ ವಾಯಿಲ್ ಸೀರೆ ಕೊಂಡಿದ್ದಳು. ಇದೊಂದನ್ನು ಮಾತ್ರ ಇಟ್ಟುಕೊಂಡಿದ್ದಳು. ಅಭಿಜಿತ ಹುಟ್ಟಿದಾಗ ಅಣ್ಣನ ಹೆಂಡತಿ, ವೈನಿ ಇಂದೂಬಾಯಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಳು. ಆಗ ಕೂಸನ್ನು ಸುತ್ತಿ ಎದೆಗವಚಿಕೊಂಡದ್ದು ಇದೇ ಸೀರೆಯಲ್ಲಿ. ಹಳೇ ಸೀರೆಯಷ್ಟು ಮೆತ್ತನೆಯದು ಕೂಸಿಗೆ ಬೇರೊಂದಿಲ್ಲ ಎಂದು ಆಗ ಎಲ್ಲರೂ ಅಂದಿದ್ದರು. ಆಗ ಅವಳ ಕೈಯೂ ಬೇಕಾಗಿತ್ತು, ಸೀರೆಯೂ ಬೇಕಾಗಿತ್ತು. ಅಭಿಜಿತ ಕಾಲೇಜು ಮೆಟ್ಟಿಲು ಹತ್ತಿದ, ಆ ಮನೆಯಲ್ಲಿ ಅವಳ ಕೆಲಸ ಮುಗಿಯಿತು.

ಸೀರೆಯನ್ನು ಪಟ್ಟಿಪಟ್ಟಿಯಾಗಿ ಹರಿದು, ಕೋದಿಟ್ಟ ಸರವನ್ನು ದಾರದ ಕುಣಿಕೆಗಳಲ್ಲಿ ಹಿಡಿದು ಅದರ ಮೇಲೆ ಹೊಲಿಯತೊಡಗಿದಳು.

“ಮತ್ತ ಹಾಕೂದು ಯಾರ್ರಿ?” ಸೈದಾಬಿ ಕೇಳಿದಳು.

“ನಾನ. ಮಡಿವಾಳೆಪ್ಪನ ಅಂಗಡಿಗೆ ಅಭಿಜಿತನ ಹೇಣ್ತಿ ಜ್ಯೋತ್ಸ್ನಾ ಫೋನ್ ಮಾಡಿದ್ಲು. ‘ಅತ್ಯಾ, ದಾಗೀನು ನೀವ ಮಾಡ್ರಿ, ನೀವ ಬಂದು ಗಾರ್ಗಿಗೆ ಹಾಕ್ರಿ’ ಅಂದ್ಲು. ಕಲ್ತ ಹುಡುಗಿ. ಅಕಿಗೆ ಇಂಥಾವೆಲ್ಲ ಇಲ್ಲ.”

ಫೋನಿನಲ್ಲಿ ಕೇಳಿದ ಆ ಮಾತನ್ನು ರಾಧಾಬಾಯಿ ದಿನವೂ ಒಂದು ಸಲ ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದಳು, ಪರಾತದಲ್ಲಿ ಎಳ್ಳು ತಿರುವಿದ ಹಾಗೆ. ಅವಳಿಗೆ ಬೇಕಾಗಿದ್ದುದು ಅಷ್ಟೇ. ಒಂದು ಸಲ, ನಾಲ್ಕು ಮಂದಿಯ ಎದುರು, ಕೂಸಿನ ಕೊರಳಿಗೆ ತನ್ನ ಕೈಯಿಂದ ಸರ ಹಾಕುವುದು. ರಾಧತ್ಯಾ ಮಾಡಿದ್ದು ಎಂದು ಯಾರಾದರೂ ಒಂದು ಸಲ ಬಾಯಿಬಿಟ್ಟು ಅನ್ನುವುದು.

ಸೈದಾಬಿ ಕೆಂಡವನ್ನೇ ನೋಡುತ್ತ ಅಂದಳು: “ಹೇಳಿದಾಕಿ ಸೊಸಿ. ಅತ್ತಿ ಹೇಳ್ಯಾಳೇನ್ರಿ?”

ರಾಧಾಬಾಯಿ ದಾರವನ್ನು ಹಲ್ಲಿನಿಂದ ಕಡಿದಳು.

* * *

ಸಂಕ್ರಮಣದ ದಿನ ಬೈಲಹೊಂಗಲದ ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಸ್ಟೀಲಿನ ಡಬ್ಬಿ ಇತ್ತು. ಅದರೊಳಗೆ ಹತ್ತಿಯ ಹಾಸು, ಹಾಸಿನ ಮೇಲೆ ದಾಗೀನು, ಒಂದು ಮೂಲೆಯಲ್ಲಿ ಕಾಗದದ ಚೀಟಿಯಲ್ಲಿ ಕಟ್ಟಿದ ಹೆಚ್ಚಿನ ಕಾಳು, ಸೂಜಿ, ದಾರ. ದಾರಿಯಲ್ಲಿ ಒಂದು ಕಾಳು ಉದುರಿದರೆ ಅಲ್ಲೇ ಹೊಲಿಯಬೇಕಲ್ಲ. ರಸ್ತೆಯ ತಗ್ಗು ಬಂದಾಗೊಮ್ಮೆ ಡಬ್ಬಿಯನ್ನು ಎರಡೂ ಕೈಯಿಂದ ಮೇಲೆತ್ತಿ ಗಾಳಿಯಲ್ಲಿ ಹಿಡಿಯುವಳು. ಎದುರು ಸೀಟಿನ ಮುದುಕ, “ಏನವ್ವಾ, ಅದರಾಗ ತತ್ತಿ ಅದಾವೇನು?” ಎಂದು ನಕ್ಕ.

“ತತ್ತಿಗಿಂತ ಸೂಕ್ಷ್ಮ ಅದಾವ್ರಿ” ಅಂದಳು. ಬಹಳ ದಿನಗಳ ಮೇಲೆ ಅಪರಿಚಿತರೊಬ್ಬರೊಡನೆ ನಕ್ಕಿದ್ದಳು.

ವಕೀಲ ಕೃಷ್ಣಾಜಿಯ ಮನೆಯ ಮುಂದೆ ರಂಗೋಲಿ ತುಂಬಿತ್ತು. ಕೃಷ್ಣಾಜಿ ಪಡಸಾಲೆಯ ಆರಾಮ ಕುರ್ಚಿಯಲ್ಲಿ ಪೇಪರು ಹಿಡಿದಿದ್ದ. ವಾಚನಾಲಯದಲ್ಲಿ ಮಹಿಳೆಯರ ಹಕ್ಕಿನ ಮೇಲೆ ಗಂಟೆಗಟ್ಟಲೆ ಮಾತಾಡಿ ಶಾಲು ಹೊದಿಸಿಕೊಂಡ ಮನುಷ್ಯ. ಆ ಶಾಲನ್ನೇ ಹೊದ್ದಿದ್ದ. “ಬಾ ರಾಧಾ. ಬಸ್ಸು ಸಿಕ್ತು?” ಎಂದ. ಅಷ್ಟರಲ್ಲಿ ವೈನಿ ಒಳಗಿನಿಂದ ಎರಡೂ ಕೈ ಚಾಚಿ ಬಂದಳು.

“ಬಂದ್ಯಾ ರಾಧಾ! ನಿನ್ನ ದಾರೀನ ನೋಡ್ಲಿಕ್ಕತ್ತಿದ್ದೆ. ಕೊಡು ಇಲ್ಲೆ, ನಾ ಇಡತೇನಿ. ಎಷ್ಟ ಕಷ್ಟಾ ಪಟ್ಟೀದಿ ಮಾರಾಯ್ತಿ!”

“ವೈನಿ, ಸಾವಕಾಶ ಹಿಡೀರಿ. ಸರದ್ದು ಮಧ್ಯದ ಕಾಳು…”

“ಗೊತ್ತದ ಬಿಡು. ನೀ ಮೊದಲ ಕಾಲು ತೊಳಕೊಂಡು ಅಡಗಿಮನಿಗೆ ಬಾ. ಮಾದಲಿಗೆ ಹಾಲು ಕಾಯಬೇಕು. ನಿನ್ನ ಕೈ ಹತ್ತಿದ್ರನ ರುಚಿ.”

ಡಬ್ಬಿ ಅವಳ ಕೈಯಿಂದ ಹೋಯಿತು. ಜ್ಯೋತ್ಸ್ನಾ ಕೂಸಿಗೆ ಕಾಡಿಗೆ ಹಚ್ಚುತ್ತ ಕೋಣೆಯಲ್ಲಿದ್ದಳು. ಬಾಗಿಲಲ್ಲಿ ನಿಂತ ರಾಧಾಬಾಯಿಯನ್ನು ನೋಡಿ ಮುಖ ಅರಳಿಸಿ, “ಅತ್ಯಾ, ಕರೀತೇನಿ ಹಾಂ” ಎಂದಳು. ಗಾರ್ಗಿ ಕಪ್ಪು ಫ್ರಾಕಿನಲ್ಲಿ ಕಾಲು ಬಡಿಯುತ್ತಿತ್ತು. ಅದರ ಕೊರಳು ಎಷ್ಟು ಸಣ್ಣದು! ಸರದ ಅಳತೆ ಸರಿಯಾಗುತ್ತದೆ ಎಂದು ರಾಧಾಬಾಯಿಗೆ ಸಮಾಧಾನವಾಯಿತು. ಅಡಿಗೆಮನೆಗೆ ಹೋಗಿ ಹಾಲಿನ ಪಾತ್ರೆ ಒಲೆಯ ಮೇಲಿಟ್ಟು, ಕರೆ ಬರುವುದನ್ನು ಕಾಯತೊಡಗಿದಳು.

ಇಳಿಹೊತ್ತಿಗೆ ಹೆಂಗಸರು ಬಂದರು. ಬಳೆಗಳ ಸದ್ದು, ರೇಷ್ಮೆಯ ಸರಬರ, ಮಲ್ಲಿಗೆಯ ವಾಸನೆ, ಎಲ್ಲವೂ ಗೋಡೆಯಾಚೆಯಿಂದ ಬಂದವು. ಕರೆ ಮಾತ್ರ ಬರಲಿಲ್ಲ. ಒಮ್ಮೆ ಎದ್ದು ಬಾಗಿಲವರೆಗೆ ಹೋದಳು. ವೈನಿ ಅಲ್ಲಿಂದಲೇ, “ಹಾಲು ನೋಡಕೋತ ಇರು ರಾಧಾ, ತಳಾ ಹತ್ತೀತು” ಎಂದು ನಕ್ಕು ಬಾಗಿಲನ್ನು ಅರ್ಧ ಮುಂದೆ ಮಾಡಿದಳು. ಬೈಗುಳವಿಲ್ಲ, ಸಿಡುಕಿಲ್ಲ. ಈ ಮನೆಯಲ್ಲಿ ಯಾರೂ ಎಂದೂ ಅವಳಿಗೆ ಬೇಡ ಎಂದಿರಲಿಲ್ಲ. ಪ್ರತಿ ಸಲವೂ ಒಂದು ಪಾತ್ರೆ ಒಲೆಯ ಮೇಲೆ ಇರುತ್ತಿತ್ತು, ಅಷ್ಟೇ.

“ಅಯ್ಯ ನಮ್ಮವ್ವ, ಎಷ್ಟ ಛಂದ ಅದಾವರೀ!” ಎಂದು ಹೊರಗೆ ಯಾರೋ ಉದ್ಗರಿಸಿದರು. “ಕಾಳಿಗೆ ಹೆಂಥಾ ಮುಳ್ಳು! ಎಲ್ಲೆ ಮಾಡಿಸಿದ್ರಿ ಇಂದೂಬಾಯಿ?”

ರಾಧಾಬಾಯಿಯ ಕೈ ಸೌಟಿನ ಮೇಲೆ ನಿಂತಿತು.

“ಪುಣೆದಿಂದ ತರಿಸೇವ್ರಿ” ಅಂದಳು ವೈನಿ, ತಡವರಿಸದೆ. “ನಮ್ಮ ತಮ್ಮ ಇರತಾನಲ್ಲ ಅಲ್ಲೆ.”

“ಅದಕ್ಕ ಮತ್ತ! ಇಲ್ಲ್ಯಾವರಿಗೆ ಈ ಕುಸುರಿ ಎಲ್ಲೆ ಬರಬೇಕು.”

ಒಲೆಯ ಬುಡದಲ್ಲಿ ರಾಧಾಬಾಯಿ ಕಾದಳು. ಈಗ ಜ್ಯೋತ್ಸ್ನಾ ಅನ್ನುತ್ತಾಳೆ. ಈಗ ನಗುತ್ತ, ಇಲ್ಲರೀ, ನಮ್ಮ ಅತ್ಯಾ ಮಾಡ್ಯಾರ, ಒಳಗಿದ್ದಾರ, ಅನ್ನುತ್ತಾಳೆ. ಅಭಿಜಿತನ ಧ್ವನಿಯೂ ಕೇಳುತ್ತಿತ್ತು, ಕ್ಯಾಮೆರಾದ ರೋಲು ಸುತ್ತುತ್ತ ಯಾರನ್ನೋ ಸರಿದು ನಿಲ್ಲಲು ಹೇಳುತ್ತಿದ್ದ. ಅವನು ಅನ್ನುತ್ತಾನೆ. ಕೊನೆಗೆ ಪೇಪರಿನ ಹಿಂದಿನಿಂದ ಅಣ್ಣನಾದರೂ ಕೆಮ್ಮುತ್ತಾನೆ. ಹಾಡು ಶುರುವಾಯಿತು. ಯಾರೂ ಅನ್ನಲಿಲ್ಲ.

ಮುಸುರೆ ತಿಕ್ಕುವ ರಾಚವ್ವ ಹಿತ್ತಲ ಬಾಗಿಲಿನಿಂದ ಒಳಗೆ ಬಂದವಳು ಹೌಹಾರಿದಳು. “ಬಾಯಾರ, ಹಾಲ ಉಕ್ಕತಾವರಿ! ಹಿಡೀರಿ, ಈ ಮಸಿ ಅರಿವಿ ಹಿಡೀರಿ.”

ರಾಚವ್ವ ಎಸೆದ ಬಟ್ಟೆಯಿಂದ ಪಾತ್ರೆಯ ಅಂಚು ಹಿಡಿದು ಇಳಿಸಿದಳು. ಇಳಿಸಿದ ಮೇಲೆ ಕೈಯಲ್ಲಿದ್ದುದನ್ನು ನೋಡಿದಳು. ಬಿಳಿ ಪಟ್ಟಿ, ಸಣ್ಣ ನೀಲಿ ಅಂಚು. ಅಂಚಿನುದ್ದಕ್ಕೂ ಅವಳದೇ ಹೊಲಿಗೆ, ಅರ್ಧಕ್ಕೆ ಕತ್ತರಿಸಿದ ದಾರದ ತುದಿಗಳು ಇರುವೆ ಕಾಲಿನ ಹಾಗೆ ನಿಂತಿದ್ದವು. ಒಂದೆರಡು ಕಡೆ ಸಕ್ಕರೆ ಇನ್ನೂ ಅಂಟಿಕೊಂಡಿತ್ತು.

“ರಾಚವ್ವ, ಇದು ಎಲ್ಲಿದು?”

“ದೊಡ್ಡ ಬಾಯಾರು ಈಗರೆ ಕೊಟ್ರು. ದೇವರ ಕ್ವಾಣ್ಯಾಗ ಕುಂತು ಅದೇನೋ ಕತ್ತರಸಾಕ ಹತ್ತಿದ್ರು. ಮೆತ್ತಗೈತಿ, ಮಸಿ ಅರಿವಿಗಿ ಇಟಗೋ ಅಂದ್ರು.”

ಕೈಯ ಕುಸುರಿ ನಡೆಯಿತು. ಮೈಮೇಲೆ ಉಟ್ಟದ್ದು ನಡೆಯಲಿಲ್ಲ. ವೈನಿಗೆ ಆ ನೀಲಿ ಅಂಚು ನೆನಪಿತ್ತು. ತನ್ನ ಮಗನನ್ನು ಸುತ್ತಿದ ಸೀರೆ ಎಂದು ಅಲ್ಲ, ವಿಧವೆಯ ಸೀರೆ ಎಂದು. ಬಾಯಲ್ಲಿ ಬೆಲ್ಲ, ಕೈಯಲ್ಲಿ ಕತ್ತರಿ.

ಅಷ್ಟರಲ್ಲಿ ಹೊರಗೆ ಗಾರ್ಗಿ ಕಿಟಾರನೆ ಕಿರುಚಿತು.

ಮೊದಲು ಎಲ್ಲರೂ ನಕ್ಕರು. ಆಮೇಲೆ ಹಾಡು ನಿಂತಿತು. “ಕೊಳ್ಳು ನೋಡ್ರಿ, ಕೆಂಪಗಾತು!” “ಡಾಬು ಸಡಲ ಮಾಡ್ರಿ, ಚುಚ್ಚಲಿಕ್ಕತ್ತದ!” “ಪುಣೆದವರು ರೊಕ್ಕ ಎಣಸ್ತಾರ, ಕೂಸಿನ ಮೈ ಎಲ್ಲೆ ನೋಡ್ತಾರ? ಅಸ್ತರರೆ ಹಚ್ಚಬಾರದ ಮುಂಡೇಗಂಡರು!”

ರಾಧಾಬಾಯಿ ಎದ್ದಳು. ಅರ್ಧ ಮುಂದೆ ಮಾಡಿದ್ದ ಬಾಗಿಲನ್ನು ತೆರೆದು, ಮಸಿ ಹತ್ತಿದ ಪಟ್ಟಿಯನ್ನು ಕೈಯಲ್ಲಿ ಹಿಡಿದೇ, ಜರಿಯಂಚುಗಳ ನಡುವೆ ಹಾದು ಮಣೆಯ ಹತ್ತಿರ ಹೋದಳು. ದಾರಿ ತಾನಾಗಿ ಬಿಟ್ಟಿತು. ಮುಟ್ಟಿಸಿಕೊಳ್ಳಬಾರದೆಂದು ಸೆರಗು ಎಳೆದುಕೊಂಡರೆ ದಾರಿ ಬಿಟ್ಟೇ ಬಿಡುತ್ತದೆ. ಕೂಸನ್ನು ಎತ್ತಿಕೊಂಡಳು. ಸರದ ಗಂಟು ಬಿಚ್ಚಿ ತೆಗೆದು ತಟ್ಟೆಯಲ್ಲಿಟ್ಟಳು. ಪಟ್ಟಿಯ ಮಸಿಯಿಲ್ಲದ ತುದಿಯಿಂದ ಕೊರಳ ಗೀರುಗಳನ್ನು ಒತ್ತಿದಳು. ಗಾರ್ಗಿ ಬಿಕ್ಕುತ್ತ, ಆ ಮೆತ್ತನೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನಾಯಿತು.

“ಪುಣೆದಿಂದ ಬಂದದ್ದಲ್ಲ ಇದು” ಅಂದಳು ರಾಧಾಬಾಯಿ. ಅವಳ ಧ್ವನಿ ಏರಿರಲಿಲ್ಲ. “ಕಿತ್ತೂರಾಗ ನಾ ಮಾಡಿದ್ದು. ಚುಚ್ಚಬಾರದಂತ ನನ್ನ ಸೀರಿ ಹರದು ಅಸ್ತರ ಹಚ್ಚಿದ್ದೆ. ಅದನ್ನ ಕಿತ್ತು ಮಸಿ ಅರಿವಿ ಮಾಡ್ಯಾರ. ನನ್ನಂಥಾಕಿ ಮೈಗೆ ತಾಗಿದ ಅರಿವಿ ಕೂಸಿಗೆ ತಾಗಬಾರದಂತ. ಮುಳ್ಳು ತಾಗಿದ್ರ ನಡೀತದ. ಅಭಿಜಿತಾ, ನಿನ್ನ ಸುತ್ತಿದ್ದು ಯಾವ ಸೀರಿ ಅಂತ ನಿಮ್ಮವ್ವನ್ನ ಕೇಳು. ಆಗೇನ ನೀ ಸಾಯಲಿಲ್ಲಲಾ?”

ಹಬ್ಬದ ದಿನ ಆ ಶಬ್ದ! ಒಬ್ಬ ಹೆಂಗಸು ಕಿವಿ ಮುಚ್ಚಿಕೊಂಡಳು. ಜ್ಯೋತ್ಸ್ನಾ ನೆಲ ನೋಡುತ್ತಿದ್ದಳು. ಕೃಷ್ಣಾಜಿಯ ಪೇಪರು ಅಲುಗಲಿಲ್ಲ. ಆಗ ವೈನಿ, ಏನೂ ಆಗಿಲ್ಲವೆಂಬಂತೆ, ಮೆಲ್ಲಗೆ, ಪ್ರೀತಿಯಿಂದಲೇ ಅಂದಳು:

“ರಾಧಾ, ಒಳಗ ಹಾಲು ಉಕ್ಕಲಿಕ್ಕತ್ತದ ನೋಡು.”

“ಉಕ್ಕಲಿ, ವೈನಿ.”

ಜ್ಯೋತ್ಸ್ನಾ ಬಂದು ಕೈ ಚಾಚಿದಳು. ರಾಧಾಬಾಯಿ ಅವಳ ಮುಖವನ್ನೇ ನೋಡಿದಳು. ಫೋನಿನಲ್ಲಿ ಮಾತಾಡಿದ ಹುಡುಗಿ ಆ ಮುಖದಲ್ಲಿ ಎಲ್ಲಾದರೂ ಇದ್ದಾಳೋ ಎಂದು ಹುಡುಕಿದಳು. ಕೂಸನ್ನು ಕೊಟ್ಟಳು. ಗಾರ್ಗಿಯ ಮುಷ್ಟಿಯಿಂದ ಪಟ್ಟಿಯನ್ನು ಬಿಡಿಸಿಕೊಳ್ಳುವುದಕ್ಕೆ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

* * *

ಪಟ್ಟಿಯನ್ನು ತನ್ನ ಡಬ್ಬಿಗೆ ಹಾಕಿಕೊಂಡು ಹೊರಟವಳನ್ನು ಬಸ್ ಸ್ಟ್ಯಾಂಡಿನವರೆಗೆ ಅಭಿಜಿತ ಸ್ಕೂಟರಿನಲ್ಲಿ ಬಿಟ್ಟ. ಇಳಿದ ಮೇಲೆ ಹೆಲ್ಮೆಟ್ಟನ್ನು ಕೈಯಿಂದ ಕೈಗೆ ಬದಲಾಯಿಸುತ್ತ ನಿಂತ.

“ಅತ್ಯಾ, ಮಂದಿ ಮುಂದ ಹಂಗ ಅನಬಾರದಿತ್ತು. ಮನ್ಯಾಗ ಕೂತು ಮಾತಾಡಬಹುದಿತ್ತು.”

“ಮನ್ಯಾಗ ಕೂತು ಯಾವಾಗ ಮಾತಾಡೀವಪಾ ನಾವು?”

ಅವನು ಬಸ್ಸುಗಳ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ಸವದತ್ತಿಯ ಬೋರ್ಡಿನ ಕಡೆ ನೋಡಿದ, ತಾನು ಹೋಗಬೇಕಾದ ಊರು ಅದೇ ಎನ್ನುವ ಹಾಗೆ.

“ನಿನಗ ಗೊತ್ತಿತ್ತೇನು?” ಅವಳು ಕೇಳಿದಳು.

“ಅವ್ವ ಕತ್ತರಿ ಕೇಳಿದ್ಲು, ಕೊಟ್ಟೆ. ಎದಕ್ಕಂತ ಕೇಳಲಿಲ್ಲ.” ಆಮೇಲೆ ಅಂದ, “ಅಕಿ ಕತ್ತರಸೂದನ್ನ ನೋಡೇನಿ. ಆದ್ರ ಏನೂ ಅನ್ನಲಿಲ್ಲ.”

ಹಾಗೆ ಅನ್ನುವಾಗ ಅವನ ತುಟಿಯ ಒಂದು ಬದಿ ಕೆಳಗೆಳೆಯಿತು. ಜ್ವರ ಬಂದಾಗ ಅವಳ ಮಡಿಲಲ್ಲಿ ಮಲಗಿ ಕಷಾಯ ಬೇಡವೆನ್ನುತ್ತಿದ್ದ ಹುಡುಗನ ತುಟಿ ಅದೇ. ರಾಧಾಬಾಯಿಯ ಕೈ ತಾನಾಗಿ ಅವನ ಕೆನ್ನೆಯ ಕಡೆ ಎದ್ದಿತು. ಅರ್ಧ ದಾರಿಯಲ್ಲಿ ಡಬ್ಬಿಯ ಹಿಡಿಕೆಗೆ ಇಳಿಯಿತು.

“ಹೋಗು. ಮನ್ಯಾಗ ಮಂದಿ ಇದ್ದಾರ.”

ಬಸ್ಸಿನಲ್ಲಿ ಡಬ್ಬಿ ಹಗುರಾಗಿತ್ತು. ತಗ್ಗು ಬಂದಾಗ ಒಳಗೆ ಚೀಟಿಯ ಕಾಳುಗಳು ಮಾತ್ರ ಗಲಗಲ ಅಂದವು. ಈ ಸಲ ಅವಳು ಎತ್ತಿ ಹಿಡಿಯಲಿಲ್ಲ. ಇಷ್ಟು ವರ್ಷ ಹಬ್ಬಕ್ಕೆ, ಶ್ರಾದ್ಧಕ್ಕೆ, ಬಾಣಂತನಕ್ಕೆ, ಕರೆದಾಗೆಲ್ಲ ಹೋಗಲು ಒಂದು ಮನೆ ಇತ್ತು. ಇನ್ನು ಮುಂದೆ ಅಲ್ಲಿಂದ ಮಡಿವಾಳೆಪ್ಪನ ಅಂಗಡಿಗೆ ಫೋನು ಬರುವುದಿಲ್ಲ. ಇದು ಅವಳಿಗೆ ಕಿತ್ತೂರಿನ ಬೋರ್ಡು ಕಂಡಷ್ಟೇ ಸ್ಪಷ್ಟವಾಗಿ ಕಂಡಿತು. ಹೇಳಬಾರದಿತ್ತು ಎಂದು ಅನ್ನಿಸುತ್ತದೆಯೋ ಎಂದು ಕಾದಳು. ಅನ್ನಿಸಲಿಲ್ಲ. ಗಾರ್ಗಿಯ ಮುಷ್ಟಿ ಮಾತ್ರ ಮತ್ತೆ ಮತ್ತೆ ನೆನಪಾಯಿತು.

ಕಿತ್ತೂರಿನಲ್ಲಿ ಇಳಿದು ಓಣಿ ಸೇರುವಷ್ಟರಲ್ಲಿ ಸೂರ್ಯ ಕೋಟೆಯ ಹಿಂದೆ ಹೋಗಿದ್ದ. ಮಸೀದಿಯಲ್ಲಿ ಬಾಂಗ್ ಆಯಿತು. ಸೈದಾಬಿಯ ಮನೆಯಲ್ಲಿ ರೋಜಾ ಬಿಡುವ ಗದ್ದಲ. ಗಂಡ, ಮಕ್ಕಳು, ಸೊಸೆಯಂದಿರು, ಎಲ್ಲರ ತಟ್ಟೆಗಳ ಸಪ್ಪಳ. ರಾಧಾಬಾಯಿ ಬೀಗ ತೆರೆದು ದೀಪ ಹಚ್ಚಿದಳು. ಮೊದಲು ಪಟ್ಟಿಯನ್ನು ಸಾಬೂನು ಹಚ್ಚಿ ತಿಕ್ಕಿದಳು. ಮಸಿ ಪೂರ್ತಿ ಹೋಗಲಿಲ್ಲ. ಅದನ್ನು ಕಟ್ಟೆಯ ಮುಂದಿನ ತಂತಿಯ ಮೇಲೆ, ಬೀದಿಗೆ ಕಾಣುವ ಹಾಗೆ ಒಣಹಾಕಿದಳು. ಆಮೇಲೆ ಡಬ್ಬಿಯ ಚೀಟಿ ಬಿಚ್ಚಿ, ಉಳಿದ ಕಾಳುಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ದಾರಕ್ಕೆ ಕೋದಳು. ಒಂದು ಸರಕ್ಕೆ ಸಾಕಾಗುವಷ್ಟು ಇದ್ದವು, ಸ್ವಲ್ಪ ಬಿಗಿಯಾಗಿ. ದಾರದ ಎರಡು ತುದಿಗಳನ್ನು ಕೊರಳ ಹಿಂದೆ ತಾನೇ ಗಂಟು ಹಾಕಿಕೊಂಡಳು. ಅಸ್ತರ ಹಚ್ಚಲಿಲ್ಲ.

ಸೈದಾಬಿ ತಟ್ಟೆಯಲ್ಲಿ ಖಜೂರ, ಭಜಿ ಹಿಡಿದು ಗೋಡೆಯ ಆಚೆಯಿಂದಲೇ ಕೂಗುತ್ತ ಬಂದಳು. “ಬಾಯಾರ, ಯಾವಾಗ ಬಂದ್ರಿ? ಹಾಕಿದ್ರೇನ್ರಿ ಕೂಸಿಗಿ?”

“ಹಾಕಿದ್ರು.”

“ನೀವ?”

ರಾಧಾಬಾಯಿ ತಂತಿಯ ಕಡೆ ನೋಡಿದಳು. ಸೈದಾಬಿಯೂ ನೋಡಿದಳು. ಆ ಪಟ್ಟಿಯನ್ನು ಹೊಲಿಯುವಾಗ ಪಕ್ಕದಲ್ಲೇ ಕೂತಿದ್ದವಳಿಗೆ ಮತ್ತೇನೂ ಕೇಳುವುದು ಉಳಿಯಲಿಲ್ಲ. ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ಆಮೇಲೆ ಅವಳ ಕಣ್ಣು ಕೊರಳಿಗೆ ಬಿತ್ತು.

“ಚುಚ್ಚೂದಿಲ್ಲೇನ್ರಿ?”

“ಚುಚ್ಚತದ.”

“ಮತ್ತ?”

“ಇರಲಿ.”

ಒಳಗಿನಿಂದ ಯಾಕೂಬಸಾಬ ನೀರು ಕೇಳಿದ. ಸೈದಾಬಿ ಹೋಗಲೋ ಬೇಡವೋ ಎಂದು ನಿಂತು, “ತಿನ್ರಿ ಮತ್ತ, ಆರತೈತಿ” ಎಂದು ಹೋದಳು.

ಓಣಿಯಲ್ಲಿ ಹೆಂಗಸರು ಹೊರಟಿದ್ದರು. ಮನೆಮನೆಗೆ ನಿಂತು, “ಎಳ್ಳು-ಬೆಲ್ಲ ತಗೊಂಡು ಎಳ್ಳು-ಬೆಲ್ಲದಂಗ ಇರೂಣು” ಎಂದು ಕುಸುರೆಳ್ಳು ಹಂಚುತ್ತ ಬರುತ್ತಿದ್ದರು. ವರ್ಷಾವರ್ಷ ಈ ಹೊತ್ತಿಗೆ ರಾಧಾಬಾಯಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಅವರು ತನ್ನ ಮನೆ ದಾಟಿ ಹೋಗುವುದು ಅವರಿಗೂ ಮುಜುಗರವಾಗದಿರಲಿ ಎಂದು. ಇವತ್ತು ಬಾಗಿಲು ಪೂರಾ ತೆರೆದು, ದೀಪವನ್ನು ಹೊರಗೆ ತಂದು, ಕಟ್ಟೆಯ ಮೇಲೆ ನೆಟ್ಟಗೆ ಕೂತಳು.

ಮುಂದಿದ್ದ ಸಿದ್ದಲಿಂಗವ್ವ, ಮಡಿವಾಳೆಪ್ಪನ ಹೆಂಡತಿ, ಸರವನ್ನು ಕಂಡು ತಡೆದು ನಿಂತಳು. ಅವಳ ಬಟ್ಟಲಿನಲ್ಲಿದ್ದುದೂ ಅದೇ ಕಾಳು, ಅದೇ ಮುಳ್ಳು.

“ಬಾಯಾರ, ಕೊಳ್ಳಾಗ ಏನ್ರಿ ಅದು?”

“ದಾಗೀನು. ನಾ ಮಾಡಿದ್ದು.”

“ಯಾರಿಗಿರಿ?”

“ನನಗ.”

ಸಿದ್ದಲಿಂಗವ್ವನ ಕೈ ಬಟ್ಟಲಿನೊಳಗೆ ಹೋಯಿತು. ಹಿಂದಿನವರು ಅವಳ ಸೆರಗು ಜಗ್ಗಿದರು. ಕೈ ಬಟ್ಟಲಿನಲ್ಲೇ ಉಳಿಯಿತು. “ಛಂದ ಐತ್ರಿ” ಎಂದು ಯಾರಿಗೂ ಕೇಳಿಸದ ಹಾಗೆ ಅಂದು ಮುಂದೆ ನಡೆದಳು. ಕಾಲುಂಗುರದ ಸಪ್ಪಳ ಮೂಲೆ ತಿರುಗಿತು. ಅಲ್ಲಿಂದ ಮತ್ತೆ ಎಳ್ಳು-ಬೆಲ್ಲದ ಮಾತು ಕೇಳಿಸಿತು, ನಗು ಕೇಳಿಸಿತು.

ತಟ್ಟೆಯ ಭಜಿ ಆರಿತ್ತು. ತಂತಿಯ ಮೇಲಿನ ಪಟ್ಟಿ ಒಣಗುತ್ತಿತ್ತು. ಉಸಿರಾಡಿದಾಗೊಮ್ಮೆ ಕಾಳಿನ ಮುಳ್ಳು ಕೊರಳಿಗೆ ತಾಗುತ್ತಿತ್ತು. ಕಟ್ಟೆಯ ಬಿರುಕಿನಿಂದ ಒಂದು ಇರುವೆ ಹೊರಬಂದು, ಅವಳ ಅಂಗೈ ಪಕ್ಕ ನಿಂತು ಮೀಸೆ ಆಡಿಸಿ, ಮೆಲ್ಲಗೆ ಮುಂಗೈ ಏರತೊಡಗಿತು. ರಾಧಾಬಾಯಿ ಕೈ ಅಲುಗಿಸದೆ ಕೂತಳು.